ಕಬುಕಿ ಚಿತ್ರಗಳಲ್ಲಿ ಪಶ್ಚಿಮದವರನ್ನು ಹುಡುಕುವುದು ಹೇಗೆ?

1890ರ ಅಕ್ಟೋಬರ್‌ನಲ್ಲಿ ಪರ್ಸಿವಲ್ ಸ್ಪೆನ್ಸರ್ ಎಂಬ ಇಂಗ್ಲಿಷ್ ಬಲೂನುಗಾರ ಯೊಕೊಹಾಮಾದಲ್ಲಿ ಆಕಾಶಕ್ಕೇರಿ, ಪ್ಯಾರಾಚೂಟ್ ಹಿಡಿದು ಕೆಳಗಿಳಿದ. ನವೆಂಬರ್‌ನಲ್ಲಿ ಟೋಕಿಯೋದಲ್ಲಿ ಚಕ್ರವರ್ತಿಯ ಎದುರು ಅದೇ ಸಾಹಸ ಮಾಡಿದ. ಆಮೇಲೆ ಉಯೆನೊ ಉದ್ಯಾನದಲ್ಲಿ ಜನರಿಗಾಗಿ ಇನ್ನೊಂದು ಸಲ ಹಾರಿದ. ಜನವರಿ ಬರುವಷ್ಟರಲ್ಲಿ ಅದು ಕಬುಕಿ ನಾಟಕವಾಗಿತ್ತು. ಕಬುಕಿ ಅಂದರೆ ಜಪಾನಿನ ಹಳೇ ಸಂಪ್ರದಾಯದ ರಂಗಭೂಮಿ. ಕಬುಕಿ-ಜಾ ನಾಟಕಶಾಲೆಯಲ್ಲಿ ಐದನೆಯ ಒನೋಯೆ ಕಿಕುಗೊರೊ (ಕಬುಕಿ ನಟರ ಹೆಸರು ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ, ಅದಕ್ಕೇ 'ಐದನೆಯ') ಸ್ಪೆನ್ಸರ್ ವೇಷ ಹಾಕಿ, ಬಲೂನು ಹತ್ತಿ ಇಳಿದು, ಇಂಗ್ಲಿಷಿನಲ್ಲೇ ಒಂದು ಪುಟ್ಟ ಭಾಷಣ ಬಿಗಿದ. ತೊಯೊಹಾರಾ ಕುನಿಚಿಕಾ ಎಂಬ ಕಲಾವಿದ ಅದನ್ನು ಮೂರು ಹಾಳೆಯ, ಮರದ ಅಚ್ಚಿನಲ್ಲಿ ಮುದ್ರಿಸಿ ಮಾರುವ ಬಣ್ಣದ ಚಿತ್ರವಾಗಿ ಬಿಡಿಸಿದ.

ಇಂಥ ಚಿತ್ರ ಕಂಡಾಗ ನಮ್ಮ ಕಣ್ಣು ಸೀದಾ ಬಲೂನಿಗೆ ಹೋಗುತ್ತದೆ. ಆಮೇಲೆ ಕೋಟು, ಟೋಪಿ. 'ಓ, ಜಪಾನೀಯರು ಇಂಗ್ಲಿಷರನ್ನು ಹೀಗೆ ನೋಡಿದ್ರು' ಅಂತ ತೀರ್ಮಾನ ಮಾಡಿ ಮುಂದೆ ಹೋಗುತ್ತೇವೆ. ಆದರೆ ಅಂದು ಅದನ್ನು ಕೊಂಡವರು ಸ್ಪೆನ್ಸರ್‌ಗಾಗಿ ದುಡ್ಡು ಕೊಡಲಿಲ್ಲ. ಕಿಕುಗೊರೊಗಾಗಿ ಕೊಟ್ಟರು. ಈ ರಂಗಚಿತ್ರಗಳಲ್ಲಿ ಪಶ್ಚಿಮ ಲೋಕ ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ, ಒಬ್ಬ ಮೆಚ್ಚಿನ ನಟನ ಮೈಮೇಲೆ ವೇಷವಾಗಿ ಬರುತ್ತದೆ. ಅದಕ್ಕೇ ಮೊದಲು ನಟ, ಆಮೇಲೆ ಪಶ್ಚಿಮ. ಈ ಕ್ರಮದಲ್ಲಿ ನೋಡುವುದು ಹೇಗೆ ಅಂತ ಹೇಳುತ್ತೇನೆ. ಜಪಾನಿ ಭಾಷೆ ಬರಬೇಕಾಗಿಲ್ಲ. ಒಂದು ಲ್ಯಾಪ್‌ಟಾಪ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಹೆಜ್ಜೆ 1: ಒಳ್ಳೆಯ ಸ್ಕ್ಯಾನ್ ಹುಡುಕಿ

ಗೂಗಲ್ ಇಮೇಜಸ್‌ನಲ್ಲಿ ಸಿಗುವ ಚಿಕ್ಕ ಚಿತ್ರಗಳಿಂದ ಏನೂ ಆಗುವುದಿಲ್ಲ. ಅಂಚಿನ ಸಣ್ಣ ಅಕ್ಷರಗಳೇ ನಮಗೆ ಮುಖ್ಯ, ಅವು ಅದರಲ್ಲಿ ಕಾಣುವುದಿಲ್ಲ.

ಮೊದಲು ಹೋಗಬೇಕಾದ್ದು ಟೋಕಿಯೋದ ವಸೇದಾ ವಿಶ್ವವಿದ್ಯಾಲಯದ ರಂಗಭೂಮಿ ವಸ್ತುಸಂಗ್ರಹಾಲಯದ ಡೇಟಾಬೇಸ್‌ಗೆ. ಶೇಕ್ಸ್‌ಪಿಯರನ ಎಲ್ಲ ನಾಟಕಗಳನ್ನೂ ಜಪಾನಿಗೆ ತಂದ ತ್ಸುಬೊಉಚಿ ಶೋಯೊ ಗೌರವಕ್ಕೆ 1928ರಲ್ಲಿ ಶುರುವಾದದ್ದು ಅದು. ಕಬುಕಿ ನಟರ ಚಿತ್ರಗಳು ಅಲ್ಲಿ ಹತ್ತಾರು ಸಾವಿರ ಇವೆ. ಕಟ್ಟಡ ಮಾತ್ರ ಹಳೇ ಲಂಡನ್ನಿನ ಫಾರ್ಚೂನ್ ನಾಟಕಶಾಲೆಯ ಮಾದರಿಯಲ್ಲಿದೆ. ನಮ್ಮ ವಿಷಯಕ್ಕೆ ಇದಕ್ಕಿಂತ ಸರಿಯಾದ ಮನೆ ಇನ್ನೊಂದಿಲ್ಲ, ಅಲ್ವಾ?

ಕ್ಯೋಟೋದ ರಿತ್ಸುಮೆಯ್‌ಕನ್ ವಿಶ್ವವಿದ್ಯಾಲಯದ ಉಕಿಯೋ-ಎ (ಇಂಥ ಮರದ ಅಚ್ಚಿನ ಚಿತ್ರಗಳ ಜಪಾನಿ ಹೆಸರು) ಪೋರ್ಟಲ್ ಕೂಡ ಒಳ್ಳೆಯದು. ಇಂಗ್ಲಿಷ್ ವಿವರಣೆ ಬೇಕಾದರೆ ಬಾಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್, ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ನೋಡಿ. ಕೈಯಲ್ಲಿ ಚಿತ್ರ ಮಾತ್ರ ಇದೆ, ಹೆಸರೇ ಗೊತ್ತಿಲ್ಲ ಅಂದರೆ ಉಕಿಯೋ-ಎ ಡಾಟ್ ಆರ್ಗ್‌ಗೆ ಅದನ್ನು ಅಪ್‌ಲೋಡ್ ಮಾಡಿ. ಅದೇ ಚಿತ್ರ ಬೇರೆ ಯಾವ ಸಂಗ್ರಹದಲ್ಲಿದೆ ಅಂತ ಹುಡುಕಿಕೊಡುತ್ತದೆ.

ಒಂದು ಉಪಾಯ: ಬಾಸ್ಟನ್ ಅಥವಾ ಲಂಡನ್ನಿನ ಪುಟದಲ್ಲಿ ಕಲಾವಿದ, ನಟ, ನಾಟಕದ ಹೆಸರು ಜಪಾನಿ ಲಿಪಿಯಲ್ಲಿ ಸಿಕ್ಕರೆ ಕಾಪಿ ಮಾಡಿ ವಸೇದಾ ಡೇಟಾಬೇಸ್‌ನಲ್ಲಿ ಪೇಸ್ಟ್ ಮಾಡಿ. ಅದೇ ನಾಟಕದ ಬೇರೆ ಚಿತ್ರಗಳೂ ಹೊರಗೆ ಬರುತ್ತವೆ. ಮೊಬೈಲ್ ಕ್ಯಾಮರಾದ ಅನುವಾದವನ್ನು ಇಲ್ಲಿ ಜಾಸ್ತಿ ನಂಬಬೇಡಿ, ಕುಂಚದಲ್ಲಿ ಸರಸರ ಬರೆದ ಹಳೇ ಅಕ್ಷರ ಅದಕ್ಕೆ ದಕ್ಕುವುದಿಲ್ಲ.

ಹೆಜ್ಜೆ 2: ಇದು ನಾಟಕದ ಚಿತ್ರ ಹೌದೋ ಅಲ್ಲವೋ

ಕೋಟು ಹಾಕಿದ ಸಾಹೇಬರಿರುವ ಜಪಾನಿ ಚಿತ್ರವೆಲ್ಲ ರಂಗಚಿತ್ರ ಅಲ್ಲ. 1859ರಲ್ಲಿ ಯೊಕೊಹಾಮಾ ಬಂದರು ವಿದೇಶಿಯರಿಗೆ ತೆರೆಯಿತು. ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ, ಹಾಲೆಂಡ್‌ಗಳ ಜನ ಬಂದಿಳಿದರು. 1860, 1861ರಲ್ಲಿ ಅವರನ್ನು ತೋರಿಸುವ ಚಿತ್ರಗಳಿಗೆ ಭಾರಿ ಗಿರಾಕಿ. ಸದಾಹಿದೆ, ಯೊಶಿಕಾಜು, ಯೊಶಿತೊರಾ ಮುಂತಾದವರು ಬಿಡಿಸಿದ ಇವನ್ನು ಯೊಕೊಹಾಮಾ ಚಿತ್ರಗಳು ಅನ್ನುತ್ತಾರೆ. ಅವುಗಳಲ್ಲಿ ವಿದೇಶಿಯರೇ ವಿದೇಶಿಯರು. ನಟರಿಲ್ಲ.

ಇನ್ನೊಂದು ಗೊಂದಲ 1880ರ ದಶಕದ್ದು. ತೊಯೊಹಾರಾ ಚಿಕಾನೊಬು ಅರಮನೆಯ ಹೆಂಗಸರನ್ನು ಹಿಂಭಾಗ ಉಬ್ಬಿದ ಗೌನು ತೊಡಿಸಿ ಸಾಲುಸಾಲಾಗಿ ಬಿಡಿಸಿದ. ನೋಡಲು ನಾಟಕದ ದೃಶ್ಯದ ಹಾಗೆಯೇ ಇವೆ, ಆದರೆ ಅಲ್ಲ. ಚಿಕಾನೊಬು ರಂಗಚಿತ್ರಗಳನ್ನೂ ಮಾಡಿದ್ದರಿಂದ ಗೊಂದಲ ಇನ್ನೂ ಹೆಚ್ಚು.

ಹಾಗಾದರೆ ಗುರುತು ಏನು? ಪ್ರತಿ ವ್ಯಕ್ತಿಯ ಪಕ್ಕ ಒಂದು ಉದ್ದನೆಯ ಚೌಕಟ್ಟು ಇದೆಯೇ ನೋಡಿ. ರಂಗಚಿತ್ರದಲ್ಲಿ ಅದರೊಳಗೆ ಪಾತ್ರದ ಹೆಸರು, ನಟನ ಹೆಸರು ಎರಡೂ ಇರುತ್ತವೆ. ಸ್ಪೆನ್ಸರ್ ಪಕ್ಕದಲ್ಲೇ ಕಿಕುಗೊರೊ. ಒಂದು ಮೈಗೆ ಎರಡು ಹೆಸರು ಕಂಡರೆ ನೀವು ನಾಟಕಶಾಲೆಯೊಳಗೆ ಇದ್ದೀರಿ ಅಂತ ಲೆಕ್ಕ.

ಈ ಗುರುತು ಕೈಕೊಡುವ ಒಂದು ಕಾಲವಿದೆ. 1842ರ ಸುಧಾರಣೆಯಲ್ಲಿ ಸರ್ಕಾರ ನಟರ ಚಿತ್ರಗಳನ್ನೇ ನಿಷೇಧಿಸಿತು. ಕೆಲವು ವರ್ಷದಲ್ಲಿ ಚಿತ್ರಗಳು ಮೆಲ್ಲಗೆ ವಾಪಸ್ ಬಂದವು, ಆದರೆ ನಟನ ಹೆಸರು ಬರೆಯದೆ. ಸುಮಾರು 1860ರ ಆರಂಭದವರೆಗೂ ಹೀಗೇ ನಡೆಯಿತು. ಆ ಚಿತ್ರಗಳಲ್ಲಿ ಪಾತ್ರದ ಹೆಸರಷ್ಟೇ ಇರುತ್ತದೆ. ಮುಖ ನೋಡಿ ಅಭಿಮಾನಿಗಳೇ ನಟನನ್ನು ತಿಳಿದುಕೊಳ್ಳಬೇಕಿತ್ತು, ತಿಳಿದುಕೊಳ್ಳುತ್ತಲೂ ಇದ್ದರು.

ಹೆಜ್ಜೆ 3: ನಟ ಯಾರು

ರಾಜ್‌ಕುಮಾರ್ ಯಾವ ವೇಷದಲ್ಲಿದ್ದರೂ ಮೂಗು ನೋಡಿ ಹೇಳುತ್ತಿದ್ದೆವಲ್ಲ, ಹಾಗೇ ಇದು. ಕಬುಕಿ ಚಿತ್ರಕಾರರಿಗೆ ಒಬ್ಬೊಬ್ಬ ನಟನಿಗೂ ಒಂದು ಸಿದ್ಧ ಮುಖವಿತ್ತು. ಹುಬ್ಬು, ಮೂಗು, ದವಡೆಯ ಆಕಾರ ಬದಲಾಗುತ್ತಿರಲಿಲ್ಲ. ರಾಜನಾಗಲಿ, ಕಳ್ಳನಾಗಲಿ, ಇಂಗ್ಲಿಷ್ ಬಲೂನುಗಾರನಾಗಲಿ, ಮುಖ ಅದೇ.

ಪಶ್ಚಿಮದ ವಿಷಯಕ್ಕೆ ಮೂವರ ಮುಖ ಕಲಿತರೆ ಮುಕ್ಕಾಲು ಕೆಲಸ ಮುಗಿಯಿತು. ಒಂಬತ್ತನೆಯ ಇಚಿಕಾವಾ ದಾಂಜೂರೊ (1838–1903), ಐದನೆಯ ಒನೋಯೆ ಕಿಕುಗೊರೊ (1844–1903), ಮೊದಲನೆಯ ಇಚಿಕಾವಾ ಸದಾಂಜಿ (1842–1904). ಮೆಯಿಜಿ ಚಕ್ರವರ್ತಿಯ ಕಾಲದ (1868–1912) ಕಬುಕಿ ನಿಂತದ್ದು ಇವರ ಮೇಲೆ. ಕುನಿಚಿಕಾ (1835–1900) ಜೀವಮಾನವಿಡೀ ಇವರನ್ನು ಬಿಡಿಸಿದ. ಅವನ ಹತ್ತಿಪ್ಪತ್ತು ಚಿತ್ರಗಳನ್ನು ಸುಮ್ನೆ ಒಂದರ ಪಕ್ಕ ಒಂದಿಟ್ಟು ನೋಡಿ, ಮುಖಗಳು ತಾವಾಗಿಯೇ ತಲೆಯಲ್ಲಿ ಕೂರುತ್ತವೆ.

ಮುಖ ಗೊತ್ತಾಗದಿದ್ದರೆ ಮನೆತನದ ಲಾಂಛನ ಹುಡುಕಿ. ಒಂದರೊಳಗೊಂದು ಮೂರು ಚೌಕಗಳಿದ್ದರೆ ದಾಂಜೂರೊ ಮನೆ. ಒಂದರ ಮೇಲೊಂದು ಬೀಸಣಿಗೆ, ಅದರೊಳಗೆ ಓಕ್ ಎಲೆಗಳಿದ್ದರೆ ಕಿಕುಗೊರೊ ಮನೆ. ಲಾಂಛನ ಸಾಮಾನ್ಯವಾಗಿ ತೋಳಿನ ಮೇಲೆ, ಎದೆಯ ಮೇಲೆ ಇರುತ್ತದೆ. ಪಾತ್ರ ಕೋಟು ಹಾಕಿದ್ದರೆ ಅಲ್ಲಿ ಜಾಗ ಇರುವುದಿಲ್ಲ. ಆಗ ಹಿನ್ನೆಲೆಯ ಪರದೆ, ದೀಪ, ಚಿತ್ರದ ಅಂಚಿನ ಅಲಂಕಾರದ ಮೇಲೂ ಕಣ್ಣಾಡಿಸಿ.

ನಟನನ್ನು ಗುರುತಿಸುವುದು ಬರೀ ಹೆಸರಿಗಾಗಿ ಅಲ್ಲ. ಅದರಿಂದ ಏನು ಸಿಗುತ್ತದೆ ಅನ್ನುವುದು ಐದನೆಯ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 4: ತಾರೀಖು ಓದಿ

ಇದು ಹೆದರಿಸುವಷ್ಟು ಕಷ್ಟವಲ್ಲ. 1876ರಿಂದ ಈಚಿನ ಚಿತ್ರಗಳಲ್ಲಿ ಅಂಚಿನಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ಇರುತ್ತದೆ. ಕಲಾವಿದನ ಹೆಸರು, ವಿಳಾಸ, ಪ್ರಕಾಶಕನ ಹೆಸರು, ವಿಳಾಸ, ಜೊತೆಗೆ ಮೆಯಿಜಿ ಯುಗದ ಎಷ್ಟನೇ ವರ್ಷ, ಯಾವ ತಿಂಗಳು ಅಂತ. ಆ ಅಂಕಿಗೆ 1867 ಕೂಡಿಸಿ. ಮೆಯಿಜಿ 12 ಅಂದರೆ 1879. ಮೆಯಿಜಿ 19 ಅಂದರೆ 1886. ಮೆಯಿಜಿ 24 ಅಂದರೆ ನಮ್ಮ ಬಲೂನಿನ 1891.

ಅಂಕಿಗಳನ್ನು ಆಕಾರದಿಂದ ಗುರುತಿಸಬಹುದು. ಒಂದು, ಎರಡು, ಮೂರಕ್ಕೆ ಅಷ್ಟೇ ಅಡ್ಡಗೆರೆಗಳು. ಹತ್ತಕ್ಕೆ ಕೂಡಿಸುವ ಚಿಹ್ನೆಯಂಥ ಗುರುತು. ಇಪ್ಪತ್ತಕ್ಕೆ ಹಲವು ಸಲ ಎರಡು ಹತ್ತುಗಳನ್ನು ಅಂಟಿಸಿದಂಥ ಒಂದೇ ಅಕ್ಷರ ಬರುತ್ತದೆ. ಅದರ ಕೆಳಗೆ ನಾಲ್ಕು ಇದ್ದರೆ ಇಪ್ಪತ್ನಾಲ್ಕು. ಮೇಲಿಂದ ಕೆಳಕ್ಕೆ ಓದಿ.

ಇನ್ನೂ ಹಳೆಯ ಚಿತ್ರಗಳಲ್ಲಿ ಸಣ್ಣ ದುಂಡು ಮುದ್ರೆ ಹುಡುಕಿ. 1859ರಿಂದ 1871ರವರೆಗೆ ಸೆನ್ಸಾರ್ ಪರಿಶೀಲನೆಯಾಯಿತು ಅನ್ನುವ ಗುರುತು, ವರ್ಷದ ಪ್ರಾಣಿ, ತಿಂಗಳು ಮೂರೂ ಒಂದೇ ಮುದ್ರೆಯಲ್ಲಿ ಇರುತ್ತವೆ. 1860 ಕೋತಿಯ ವರ್ಷ, 1861 ಕೋಳಿಯದು, 1862 ನಾಯಿಯದು. ಹನ್ನೆರಡು ವರ್ಷಕ್ಕೊಮ್ಮೆ ಅದೇ ಪ್ರಾಣಿ ತಿರುಗಿ ಬರುತ್ತದೆ. ಹಾಗಾಗಿ ಬರೀ ಪ್ರಾಣಿ ನೋಡಿ ವರ್ಷ ಹೇಳಬೇಡಿ. ಮುದ್ರೆಯ ರೀತಿ, ನಟನ ವಯಸ್ಸು ಎರಡನ್ನೂ ತಾಳೆ ನೋಡಿ.

ಇನ್ನೊಂದು ಎಚ್ಚರಿಕೆ. 1873ರ ಜನವರಿ 1ರವರೆಗೆ ಜಪಾನಿನಲ್ಲಿ ಚಾಂದ್ರಮಾನದ ಲೆಕ್ಕ. ಹನ್ನೊಂದು, ಹನ್ನೆರಡನೇ ತಿಂಗಳ ಚಿತ್ರವಾದರೆ ನಮ್ಮ ಕ್ಯಾಲೆಂಡರಿನಲ್ಲಿ ಅದು ಮುಂದಿನ ವರ್ಷಕ್ಕೆ ಜಾರಿರಬಹುದು. ಅಧಿಕಮಾಸವಾದರೆ ಮುದ್ರೆಯಲ್ಲಿ ಅದಕ್ಕೊಂದು ಬೇರೆ ಅಕ್ಷರವೇ ಇರುತ್ತದೆ.

ಹೆಜ್ಜೆ 5: ಪಶ್ಚಿಮ ಯಾವ ದಾರಿಯಲ್ಲಿ ಒಳಗೆ ಬಂತು

ನನಗೆ ಎಲ್ಲಕ್ಕಿಂತ ಇಷ್ಟದ ಹೆಜ್ಜೆ ಇದು. ಚಿತ್ರದಲ್ಲಿ ಪಶ್ಚಿಮ ಎಲ್ಲಿದೆ ಅಂತ ಕೇಳಿ. ಉತ್ತರ ಕೋಟಿನಲ್ಲೇ ಇರಬೇಕು ಅಂತೇನಿಲ್ಲ.

ಅತ್ಯಂತ ಹಳೆಯ ದಾರಿ ಗೆರೆಗಳದ್ದು. 1740ರ ಆಸುಪಾಸಿನಲ್ಲಿ ಒಕುಮುರಾ ಮಸಾನೊಬು ಕಬುಕಿ ನಾಟಕಶಾಲೆಗಳ ಒಳನೋಟ ಬಿಡಿಸಿದ. ಪಾತ್ರಧಾರಿಗಳು, ಪ್ರೇಕ್ಷಕರು, ಚಹಾ ಮಾರುವವರು ಎಲ್ಲ ಜಪಾನೀಯರೇ. ಆದರೆ ಚಾವಣಿಯ ತೊಲೆಗಳನ್ನು ನೋಡಿ. ದೂರ ಹೋದ ಹಾಗೆ ಎಲ್ಲವೂ ಒಂದು ಕಡೆಗೆ ಕೂಡುತ್ತವೆ. ಯುರೋಪಿನ ದೂರದೃಶ್ಯದ ಲೆಕ್ಕ ಅದು. ಒಬ್ಬ ಬಿಳಿಯನೂ ಇಲ್ಲದ ಚಿತ್ರದಲ್ಲಿ ಪಶ್ಚಿಮ ಸೂರಿನ ಮೇಲೆ ಕೂತಿದೆ. ಇದೇ ವಿದ್ಯೆಯನ್ನು ಮುಂದೆ ಉತಗಾವಾ ತೊಯೊಹಾರು ಪಳಗಿಸಿಕೊಂಡ. ವೆನಿಸ್‌ನ ದೊಡ್ಡ ಕಾಲುವೆಯ ಕೆತ್ತನೆಯೊಂದನ್ನು ನೋಡಿ ಚಿತ್ರ ಮಾಡಿ, ಅದಕ್ಕೆ ಹಾಲೆಂಡಿನ ಬಂದರು ಅಂತ ಹೆಸರಿಟ್ಟ. ಅದು ರಂಗಚಿತ್ರವಲ್ಲ. ಆದರೂ ಹೇಳಿದೆ, ಏಕೆಂದರೆ ಶೀರ್ಷಿಕೆಯಲ್ಲಿ ಬರೆದ ಊರಿನ ಹೆಸರನ್ನು ಕಣ್ಣುಮುಚ್ಚಿ ನಂಬಬಾರದು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಎರಡನೆಯ ದಾರಿ ಮಾಟಮಂತ್ರದ್ದು. 1804ರಲ್ಲಿ ನಾಲ್ಕನೆಯ ತ್ಸುರುಯಾ ನಾನ್‌ಬೊಕು ಬರೆದ ನಾಟಕವೊಂದರಲ್ಲಿ ತೊಕುಬೆಯ್ ಎಂಬ ನಾವಿಕ ಭಾರತಕ್ಕೆ ಹೋಗಿ ಬಂದವನು. ಅವನಿಗೆ ದೈತ್ಯ ಕಪ್ಪೆಯನ್ನು ಕರೆಸುವ ಮಂತ್ರ ಗೊತ್ತು. ಆ ಮಂತ್ರದಲ್ಲಿ ಬೌದ್ಧರ ಸದ್ಧರ್ಮಪುಂಡರೀಕ ಸೂತ್ರದ ಸಂಸ್ಕೃತ ಹೆಸರು ಮುರಿದು ಬರುತ್ತದೆ. ಹಿಂದೆಯೇ 'ಹರಾಯಿಸೊ, ಹರಾಯಿಸೊ' ಅಂತ ಪೋರ್ಚುಗೀಸರ 'ಪರಾಯಿಸೊ', ಅಂದರೆ ಸ್ವರ್ಗವೂ ಬರುತ್ತದೆ. ಕ್ರೈಸ್ತಮತ ಕಟ್ಟುನಿಟ್ಟಾಗಿ ನಿಷೇಧವಾಗಿದ್ದ ಕಾಲ ಅದು. ಪಾತ್ರ ಮಾಡಿದ ಮೊದಲನೆಯ ಒನೋಯೆ ಮಾತ್ಸುಸುಕೆ ರಂಗದ ಮೇಲೆ ನಿಜವಾದ ನೀರಿಗೆ ಧುಮುಕಿ, ಕ್ಷಣದಲ್ಲಿ ಬೇರೆ ವೇಷದಲ್ಲಿ ಎದ್ದು ಬರುತ್ತಿದ್ದ. ಇವನು ಕ್ರೈಸ್ತರ ಮಾಟ ಕಲಿತಿದ್ದಾನೆ ಅಂತ ಊರೆಲ್ಲ ಸುದ್ದಿ. ಅಧಿಕಾರಿಗಳು ಬಂದು ವಿಚಾರಿಸಿದರು ಅಂತಲೂ ಹೇಳುತ್ತಾರೆ. ನಾಟಕಕ್ಕೆ ಅದರಿಂದ ಲಾಭವೇ ಆಯಿತು. ಕಪ್ಪೆಯ ಮೇಲೆ ಕೂತ ತೊಕುಬೆಯ್ ಚಿತ್ರಗಳನ್ನು ಉತಗಾವಾ ಮನೆಯ ಕಲಾವಿದರು ಬೇಕಾದಷ್ಟು ಮಾಡಿದ್ದಾರೆ. ಅವುಗಳಲ್ಲಿ ಭಾರತ, ಯುರೋಪು ಎರಡೂ ಒಂದೇ ದೂರದ, ಭಯ ಹುಟ್ಟಿಸುವ ದೇಶ.

ನಟನ ಮನೆತನ ಯಾಕೆ ಮುಖ್ಯ ಅಂತ ಈಗ ಹೇಳುತ್ತೇನೆ. ಈ ಮಾತ್ಸುಸುಕೆಯ ಸಾಕುಮಗನೇ ಮೂರನೆಯ ಕಿಕುಗೊರೊ. ಅವನ ಮೊಮ್ಮಗ ನಮ್ಮ ಐದನೆಯ ಕಿಕುಗೊರೊ. ನೀರಿಗೆ ಧುಮುಕುವುದು, ಹಾರುವುದು, ಕಣ್ಣೆವೆಯಲ್ಲಿ ವೇಷ ಬದಲಿಸುವುದು, ಇವೆಲ್ಲ ಆ ಮನೆಯ ಪಿತ್ರಾರ್ಜಿತ ಆಸ್ತಿ. ಹಾಗಾಗಿ 1891ರಲ್ಲಿ ಬಲೂನು ಹತ್ತಿದಾಗ ಅವನು ಇಂಗ್ಲೆಂಡಿನವರನ್ನು ಅನುಕರಿಸುತ್ತಿದ್ದ ಅನ್ನುವುದು ಅರ್ಧ ನಿಜ. ತನ್ನ ಅಜ್ಜಂದಿರ ಆಟವನ್ನು ಹೊಸ ಸಾಮಾನಿನಿಂದ ಆಡುತ್ತಿದ್ದ ಅನ್ನುವುದು ಇನ್ನರ್ಧ. ನಟನ ಹೆಸರು ಓದದೆ ಬಲೂನನ್ನಷ್ಟೇ ನೋಡಿದರೆ ಈ ಇನ್ನರ್ಧ ಕಾಣುವುದಿಲ್ಲ.

ಮೂರನೆಯ ದಾರಿ ಕತ್ತರಿಸಿದ ಕೂದಲಿನದು. 1871ರಲ್ಲಿ ಜುಟ್ಟು ತೆಗೆಯಬಹುದು ಅಂತ ಸರ್ಕಾರ ಹೇಳಿತು. ಹೊಸ ಕಾಲದ ಕಥೆಗಳಿಗೆ 'ಜಾಂಗಿರಿ' ನಾಟಕಗಳು, ಅಂದರೆ ಕ್ರಾಪಿನ ನಾಟಕಗಳು ಅಂತಲೇ ಹೆಸರು ಬಿತ್ತು. ಇವನ್ನು ಹೆಚ್ಚಾಗಿ ಬರೆದವನು ಕವಾತಾಕೆ ಮೊಕುಆಮಿ (1816–1893). ಪಾತ್ರಗಳು ಜಪಾನೀಯರೇ, ಕ್ರಾಪು ಬಿಟ್ಟವರು, ಗಡಿಯಾರ ನೋಡುವವರು, ಕೊಡೆ ಹಿಡಿದವರು. ಆದರೆ ಕಥೆ, ಭಾವ, ಸಂಗೀತ ಎಲ್ಲ ಹಳೆಯದೇ.

ಇಲ್ಲೊಂದು ಬಲೆಯಿದೆ. 1879ರಲ್ಲಿ ಮೊಕುಆಮಿ ಶಿಂತೊಮಿ-ಜಾ ನಾಟಕಶಾಲೆಗೆ ಹಣದ ಆಸೆಯ ಕುರಿತು ಒಂದು ನಾಟಕ ಕೊಟ್ಟ. ಪಾತ್ರಗಳ ಹೆಸರು, ಊರು ಎಲ್ಲ ಜಪಾನಿನವು. ಕಥೆ ಮಾತ್ರ ಇಂಗ್ಲೆಂಡಿನ ಬುಲ್ವರ್-ಲಿಟನ್ 1840ರಲ್ಲಿ ಬರೆದ 'ಮನಿ' ನಾಟಕದ್ದು. 1885ರಲ್ಲಿ ಒಸಾಕಾದಲ್ಲಿ ಶೇಕ್ಸ್‌ಪಿಯರನ 'ಮರ್ಚೆಂಟ್ ಆಫ್ ವೆನಿಸ್' ಕೂಡ ಇದೇ ರೀತಿ ಜಪಾನಿ ಉಡುಪು ತೊಟ್ಟು ಬಂತು. ಇಂಥ ನಾಟಕದ ಚಿತ್ರ ನೋಡಿದರೆ ಪಶ್ಚಿಮದ ಸುಳಿವು ಸಿಗುವುದಿಲ್ಲ. ಆದ್ದರಿಂದ ನಾಟಕದ ಹೆಸರನ್ನು ಯಾವಾಗಲೂ ಹುಡುಕಿ ನೋಡಿ.

ಮಾರುವೇಷವೂ ಒಂದು ದಾರಿಯೇ. 1879ರ ಜುಲೈಯಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಶಿಂತೊಮಿ-ಜಾಕ್ಕೆ ಬಂದ. ಅವನಿಗಾಗಿ ಆಡಿದ್ದು ಹನ್ನೊಂದನೇ ಶತಮಾನದ ಸೇನಾನಿ ಮಿನಾಮೊತೊ ಯೊಶಿಇಯೆಯ ಕಥೆ. ಯೊಶಿಇಯೆ ಅಂದರೆ ಗ್ರಾಂಟ್ ಅಂತ ಪ್ರೇಕ್ಷಕರು ತಿಳಿದುಕೊಳ್ಳಬೇಕಿತ್ತು. ನಡುವೆ ಗೇಯ್ಶಾ ನರ್ತಕಿಯರು ಅಮೆರಿಕದ ಬಾವುಟದ ಪಟ್ಟೆ, ನಕ್ಷತ್ರಗಳ ಬಟ್ಟೆ ತೊಟ್ಟು ಕುಣಿದರು. ಗ್ರಾಂಟ್ ಬದಲಿಗೆ ನಾಟಕಶಾಲೆಗೆ ಒಂದು ಪರದೆ ಉಡುಗೊರೆ ಕೊಟ್ಟ. ಆ ತಿಂಗಳಿನ ಶಿಂತೊಮಿ-ಜಾ ಚಿತ್ರದಲ್ಲಿ ರಕ್ಷಾಕವಚ ತೊಟ್ಟ ಯೋಧ ಕಂಡರೆ, ಅವನ ಹಿಂದೆ ಒಬ್ಬ ಅಮೆರಿಕನ್ ಇದ್ದಾನೆ.

ಕೊನೆಯದು ನೇರ ದಾರಿ: ಪಶ್ಚಿಮದವನೇ ಪಾತ್ರ. ಅದೇ 1879ರ ಸೆಪ್ಟೆಂಬರ್‌ನಲ್ಲಿ ಶಿಂತೊಮಿ-ಜಾದ ಒಡೆಯ ಹನ್ನೆರಡನೆಯ ಮೊರಿತಾ ಕಾನ್ಯಾ ದೊಡ್ಡ ಜೂಜಾಡಿದ. ಹಡಗು ಒಡೆದು ಅಮೆರಿಕ, ಯುರೋಪುಗಳಲ್ಲಿ ಅಲೆಯುವ ಜಪಾನೀಯರ ಕಥೆ ಮೊಕುಆಮಿಯಿಂದ ಬರೆಸಿದ. ನಡುವೆ ನಿಜವಾದ ವಿದೇಶಿ ಗಾಯಕರನ್ನೇ ತಂದು ರಂಗದ ಮೇಲೆ ಒಪೆರಾ ಹಾಡಿಸಿದ. ಆ ಎತ್ತರದ ಹೆಣ್ಣುದನಿ ಕೇಳಿ ಜನ ನಕ್ಕುಬಿಟ್ಟರು. ಕಾನ್ಯಾಗೆ ಭಾರಿ ನಷ್ಟ. ನಿಜವಾದ ಪಶ್ಚಿಮ ಬಂದು ನಿಂತಾಗ ಬಿದ್ದ ನಾಟಕ, ಕಿಕುಗೊರೊ ಪಶ್ಚಿಮದವನಾದಾಗ ಗೆದ್ದಿತು. ಜನಕ್ಕೆ ಬೇಕಾಗಿದ್ದದ್ದು ವೇಷ.

ಹೆಜ್ಜೆ 6: ಸಾಮಾನು ಎಣಿಸಿ

ಚಿತ್ರವನ್ನು ದೊಡ್ಡದು ಮಾಡಿ, ಮೂಲೆಯಿಂದ ಮೂಲೆಗೆ ಹೋಗಿ. ವಸ್ತುಗಳು 'ಇದಕ್ಕಿಂತ ಮೊದಲಲ್ಲ' ಅನ್ನುವ ಗಡಿ ಹಾಕಿಕೊಡುತ್ತವೆ. ರೈಲು ಇದ್ದರೆ 1872ರ ಸುಮಾರು ಅಥವಾ ಆಮೇಲೆ, ಟೋಕಿಯೋದ ಶಿಂಬಾಶಿಯಿಂದ ಯೊಕೊಹಾಮಾಕ್ಕೆ ಮೊದಲ ರೈಲು ಓಡಿದ್ದು ಆಗ. ಟೋಕಿಯೋದ ಗಿಂಜಾ ಬಡಾವಣೆಯ ಇಟ್ಟಿಗೆ ಕಟ್ಟಡಗಳು ಎದ್ದದ್ದು 1872ರ ಬೆಂಕಿಯ ನಂತರ. ಗಿಂಜಾ ಬೀದಿಯ ಗ್ಯಾಸ್ ದೀಪ 1874ರದ್ದು. ಹನ್ನೆರಡು ಅಂತಸ್ತಿನ ಗೋಪುರ ಕಂಡರೆ ಅದು ಅಸಾಕುಸಾದ ರ್‍ಯೋಉನ್‌ಕಾಕು, 1890ರ ನವೆಂಬರ್‌ನಲ್ಲಿ ತೆರೆದದ್ದು. ಬಲೂನಿನ ನಾಟಕದಲ್ಲಿ ಅದಕ್ಕೂ ಒಂದು ಭಾಗವಿತ್ತು.

ನಾಟಕಶಾಲೆಯನ್ನೂ ಬಿಡಬೇಡಿ. 1878ರಲ್ಲಿ ಶಿಂತೊಮಿ-ಜಾ ಹೊಸದಾಗಿ ತೆರೆದಾಗ ಒಳಗೆ ಗ್ಯಾಸ್ ದೀಪ. ನಟರು ಉದ್ದಬಾಲದ ಕರಿಕೋಟು ಹಾಕಿ ನಿಂತರು, ದಾಂಜೂರೊ ಭಾಷಣ ಓದಿದ. ಅಲ್ಲಿ ನಟ ಪಾತ್ರದಲ್ಲಿಲ್ಲ, ತಾನೇ ತಾನಾಗಿ ಕೋಟು ತೊಟ್ಟಿದ್ದಾನೆ. ಅಂಥ ಚಿತ್ರದಲ್ಲಿ ಕೋಟು ವೇಷವೋ ಉಡುಪೋ ಅಂತ ಕೇಳಿ ನೋಡಿ, ಸುಲಭದ ಉತ್ತರ ಸಿಗುವುದಿಲ್ಲ.

ಆಮೇಲೆ ಮೈ ನೋಡಿ. ಕಾಲಲ್ಲಿ ಬೂಟು, ತಲೆಯಲ್ಲಿ ಟೋಪಿ, ಆದರೆ ನಿಂತ ಭಂಗಿ? ಕತ್ತು ತಿರುಗಿಸಿ, ಕಣ್ಣು ಒಂದು ಕಡೆ ಸೇರಿಸಿ, ಬೆರಳು ಬಿಗಿದು ನಿಲ್ಲುವ ಕಬುಕಿಯ ನಿಲುವು ಹಾಗೇ ಇದ್ದರೆ ಪಶ್ಚಿಮ ಚರ್ಮದ ಮೇಲಷ್ಟೇ ಇದೆ.

ಹೆಜ್ಜೆ 7: ಎಷ್ಟು ನಂಬಬೇಕು

ರಂಗಚಿತ್ರ ಫೋಟೋ ಅಲ್ಲ. ಎಷ್ಟೋ ಚಿತ್ರಗಳು ನಾಟಕ ಶುರುವಾಗುವ ಮೊದಲೇ ಅಂಗಡಿಗೆ ಬರುತ್ತಿದ್ದವು. ಯಾರಿಗೆ ಯಾವ ಪಾತ್ರ ಅನ್ನುವ ಸುದ್ದಿ ಹಿಡಿದು ಕಲಾವಿದ ಬಿಡಿಸುತ್ತಿದ್ದ. ಕೊನೆ ಗಳಿಗೆಯಲ್ಲಿ ನಟ ಬದಲಾದರೆ, ದೃಶ್ಯ ಬಿಟ್ಟುಹೋದರೆ ಚಿತ್ರ ಚಿತ್ರವಾಗಿಯೇ ಉಳಿಯುತ್ತಿತ್ತು. ಆದ್ದರಿಂದ 'ರಂಗದ ಮೇಲೆ ಹೀಗಿತ್ತು' ಅಂತ ಬರೆಯುವ ಮೊದಲು ಅದೇ ನಾಟಕದ ಬೇರೆ ಚಿತ್ರ, ಕರಪತ್ರಗಳನ್ನು ವಸೇದಾದಲ್ಲಿ ನೋಡಿ.

ರಂಗದ ತಂತ್ರವೂ ಕಣ್ಣು ಕಟ್ಟುತ್ತದೆ. ಕಬುಕಿಯಲ್ಲಿ ದೂರ ಹೋದವನನ್ನು ತೋರಿಸಲು ಅದೇ ವೇಷದ ಮಗುವನ್ನು ನಿಲ್ಲಿಸುವ ಪದ್ಧತಿಯಿದೆ. ಚಿತ್ರದಲ್ಲಿ ಹಿಂದೆ ಪುಟ್ಟದಾಗಿ ಕಾಣುವವನು ದೂರದಲ್ಲಿರುವುದರಿಂದ ಚಿಕ್ಕದೋ, ನಿಜವಾಗಿಯೂ ಚಿಕ್ಕವನೋ ಅಂತ ಒಮ್ಮೆ ಯೋಚಿಸಿ.

ಹೆಜ್ಜೆ 8: ಕೊಳ್ಳುವ ಆಸೆಯಿದ್ದರೆ

ಮೆಯಿಜಿ ಕಾಲದ ರಂಗಚಿತ್ರಗಳು ಹೆಸರಾಂತ ಕಲಾವಿದರಾದ ಹೊಕುಸಾಯ್, ಹಿರೊಶಿಗೆಯವರ ಚಿತ್ರಗಳಷ್ಟು ದುಬಾರಿಯಲ್ಲ. ಬಹಳ ಕಾಲ ಇವನ್ನು ಕಲಾರಸಿಕರು ಕಡೆಗಣ್ಣಿನಿಂದ ನೋಡಿದ್ದೇ ಅದಕ್ಕೆ ಕಾರಣ. ಬಣ್ಣ ಜಾಸ್ತಿ ಆಯಿತು, ಕೆಂಪು ಕಣ್ಣಿಗೆ ಹೊಡೆಯುತ್ತದೆ ಅಂತ ದೂರು. ನನಗಂತೂ ಆ ಕೆಂಪೇ ಇಷ್ಟ, ಗ್ಯಾಸ್ ದೀಪದ ಕೆಳಗೆ ಕೂತ ಜನಕ್ಕೆ ಮಾಡಿದ ಬಣ್ಣ ಅದು.

ಒಂದೊಂದು ಹಾಳೆ ಸುಮಾರು 37 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲ. ಮೂರು ಹಾಳೆಯ ಚಿತ್ರವಾದರೆ ಗೆರೆಗಳು ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಸೇರುತ್ತವೆಯೇ, ಮೂರರ ಬಣ್ಣವೂ ಒಂದೇ ಮಟ್ಟಕ್ಕೆ ಮಾಸಿದೆಯೇ ನೋಡಿ. ಬೇರೆ ಬೇರೆ ಕಡೆಯಿಂದ ಬಂದ ಹಾಳೆಗಳನ್ನು ಜೋಡಿಸಿ ಮಾರುವುದುಂಟು. ಅಂಚು ಕತ್ತರಿಸಿದ್ದರೆ ತಾರೀಖಿನ ಪಟ್ಟಿಯೇ ಹೋಗಿರುತ್ತದೆ, ಅದಕ್ಕೆ ತಕ್ಕಂತೆ ಬೆಲೆ ಇಳಿಸಿ ಕೇಳಿ. ಹಿಂಭಾಗದ ಫೋಟೋ ಕೇಳಲೇಬೇಕು. ಕೈಯಿಂದ ಒತ್ತಿದ ಮುದ್ರಣವಾದರೆ ಬಣ್ಣ ಹಿಂದಕ್ಕೆ ಇಳಿದಿರುತ್ತದೆ, ಉಜ್ಜಿದ ಗುರುತೂ ಕಾಣಬಹುದು. ಹಿಂಭಾಗ ಬಿಳಿಯಾಗಿ ನುಣ್ಣಗಿದ್ದರೆ ಈಚಿನ ಯಂತ್ರದ ಪ್ರತಿ ಇರಬಹುದು ಅಂತ ಅನುಮಾನಿಸಿ. ಹಿಂದೆ ಕಾಗದ ಅಂಟಿಸಿದ್ದರೆ ಏನನ್ನು ಮುಚ್ಚಿದ್ದಾರೆ ಅಂತ ಕೇಳಿ. ಮನೆಗೆ ಬಂದ ಮೇಲೆ ಬಿಸಿಲು ಬೀಳದ ಗೋಡೆ, ಆಮ್ಲವಿಲ್ಲದ ಕಾಗದ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ತೇವ ಮತ್ತು ಬೆಳ್ಳಿಹುಳುವಿನ ಮೇಲೆ ಕಣ್ಣಿಡಿ.

ಶುರು ಮಾಡಲು ಒಂದು ಜೋಡಿ

1886ರಲ್ಲಿ ಜುಸೆಪ್ಪೆ ಕಿಯಾರಿನಿ ಎಂಬ ಇಟಾಲಿಯನ್ ತನ್ನ ಸರ್ಕಸ್ ಕಂಪನಿಯನ್ನು ಟೋಕಿಯೋಗೆ ತಂದ. ಹೆಸರು ನಮಗೂ ಹೊಸದಲ್ಲ. ಇದೇ ಕಿಯಾರಿನಿಯ ಆಟವನ್ನು ಮುಂಬಯಿಯಲ್ಲಿ ನೋಡಿ ಹಟಕ್ಕೆ ಬಿದ್ದ ವಿಷ್ಣುಪಂತ ಛತ್ರೆ 1880ರಲ್ಲಿ ಮೊದಲ ಭಾರತೀಯ ಸರ್ಕಸ್ ಕಟ್ಟಿದ ಅನ್ನುವುದು ನಮ್ಮ ಸರ್ಕಸ್ಸಿನ ಚರಿತ್ರೆಯಲ್ಲಿ ಬರುವ ಮಾತು. ಛತ್ರೆ ಇದ್ದದ್ದು ಕುರುಂದವಾಡ ಸಂಸ್ಥಾನದ ಆಶ್ರಯದಲ್ಲಿ. ನರಸೋಬಾವಾಡಿಗೆ ಹೋಗುವ ಉತ್ತರ ಕರ್ನಾಟಕದವರಿಗೆ ಪಕ್ಕದ ಊರು ಅದು.

ಟೋಕಿಯೋದಲ್ಲಿ ಈ ಸರ್ಕಸ್‌ನಿಂದ ಎರಡು ಬಗೆಯ ಚಿತ್ರ ಹುಟ್ಟಿತು. ಚಕ್ರವರ್ತಿ ಸರ್ಕಸ್ ನೋಡುವುದನ್ನು ಚಿಕಾನೊಬು ಬಿಡಿಸಿದ. ಅದೇ ವರ್ಷ ಮೊಕುಆಮಿ ಅದನ್ನು ನಾಟಕ ಮಾಡಿದ. ಚಿತೋಸೆ-ಜಾದಲ್ಲಿ ಕಿಯಾರಿನಿಯಾಗಿ ಬಂದವನು ಮತ್ತೆ ಕಿಕುಗೊರೊನೇ, ಜೊತೆಗೆ ಇನ್ನೂ ಹಲವು ಪಾತ್ರ. ಆ ನಾಟಕದ ಚಿತ್ರಗಳೂ ಸಿಗುತ್ತವೆ.

ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಡಿ. ಮೇಲಿನ ಹೆಜ್ಜೆಗಳನ್ನು ಒಂದೊಂದಾಗಿ ಹಾಕಿ ನೋಡಿ: ಹೆಸರಿನ ಚೌಕಟ್ಟು ಎಲ್ಲಿದೆ, ಎಲ್ಲಿಲ್ಲ, ಮುಖಗಳು ಯಾರವು, ಅಂಚಿನಲ್ಲಿ ಮೆಯಿಜಿ 19 ಸಿಗುತ್ತದೆಯೇ. ಆಮೇಲೆ ಪ್ರಾಣಿಗಳ ಕಾಲು ನೋಡಿ. ಕಬುಕಿಯಲ್ಲಿ ಕುದುರೆಯೆಂದರೆ ಒಳಗೆ ಇಬ್ಬರು ನಟರು. ಚಿಕಾನೊಬುವಿನ ಕುದುರೆಗೂ ರಂಗಚಿತ್ರದ ಪ್ರಾಣಿಗೂ ಮೊಣಕಾಲಿನಲ್ಲಿ ವ್ಯತ್ಯಾಸ ಕಾಣುತ್ತದೆಯೋ, ಕಲಾವಿದ ಅದನ್ನು ಮುಚ್ಚಿಟ್ಟಿದ್ದಾನೋ ಹುಡುಕಿ.